ಸೇಬಿನ ಮರದ ತನಕ ಮುಟ್ಟುವ ಕೇಬಲ್

ಕೊಚ್ಕೊರ್, ಶುಕ್ರವಾರ

ಕುವತ್ ಅಣ್ಣನಿಗೆ ಬುರುಲ್ ಹೇಳುವ ಸಲಾಮು.

ನನ್ನ ರೆಕಾರ್ಡಿಂಗ್ ಕೋಣೆಗೆ ಒಂದು ಮೈಕ್ ಕೇಬಲ್ ಬೇಕು. ಇಲ್ಲಿ ಸಿಗುವುದಿಲ್ಲ, ಬಿಷ್ಕೆಕ್‌ನಲ್ಲಿ ನೀನೇ ಕೊಳ್ಳಬೇಕು. ಬ್ಯಾಲೆನ್ಸ್ಡ್ ಕೇಬಲ್ಲೇ ಆಗಬೇಕು: ಒಳಗೆ ಎರಡು ತಂತಿ, ಸುತ್ತ ಹೆಣೆದ ತಾಮ್ರದ ಕವಚ, ಎರಡೂ ತುದಿಗೆ ಮೂರು ಪಿನ್ನಿನ ಕನೆಕ್ಟರ್. ಗಿಟಾರ್ ಕೇಬಲ್ ಕೊಟ್ಟು ಸಾಗಹಾಕಲು ನೋಡುತ್ತಾರೆ, ಒಪ್ಪಬೇಡ. ಉದ್ದ ಹೆಚ್ಚಾದಷ್ಟೂ ಅದು ಫ್ರಿಜ್ಜಿನ ಗುಂಯ್ ಸದ್ದನ್ನೆಲ್ಲ ಹೊತ್ತು ತರುತ್ತದೆ. ಕನೆಕ್ಟರ್ ಬಿಚ್ಚಿ ಮತ್ತೆ ಬೆಸುಗೆ ಹಾಕುವಂಥದ್ದಿರಲಿ. ಉದ್ದ ಇಪ್ಪತ್ತು ಮೀಟರ್.

ಅಷ್ಟು ಚಿಕ್ಕ ಕೋಣೆಗೆ ಇಷ್ಟುದ್ದ ಯಾಕೆ ಅಂತ ಕೇಳುತ್ತೀಯ. ಅಳತೆ ಅಪ್ಪನದು. ಮೊನ್ನೆ ಕೋಲೂರಿಕೊಂಡು ನನ್ನ ಕಿಟಕಿಯಿಂದ ಸೇಬಿನ ಮರದ ತನಕ ನಡೆದರು. "ನಾನು ಸತ್ತ ಮೇಲೆ ನನ್ನನ್ನ ಮಲಗಿಸೋ ಗುಡಾರ ಇಲ್ಲೇ ಹಾಕ್ತೀರಿ. ನನ್ನಕ್ಕ ಒಳಗೆ ಕೂತು ಅಳುವ ಹಾಡು ಹೇಳ್ತಾಳೆ. ಅದನ್ನ ರೆಕಾರ್ಡ್ ಮಾಡು" ಅಂದರು.

ಸೋನುನ್ ಅತ್ತೆ ಚಹಾ ಬಗ್ಗಿಸುತ್ತಾ, "ಬದುಕಿದ್ದಾಗ ನನ್ನ ಒಂದು ಮಾತೂ ಕೇಳಲಿಲ್ಲ. ಸತ್ತ ಮೇಲೆ ಹಾಡು ಕೇಳ್ತಾನಂತೆ" ಅಂತ ಹಂಗಿಸಿದರು.

"ನನಗಲ್ಲಕ್ಕ, ಕುವತ್‌ಗೆ," ಅಂದರು ಅಪ್ಪ. "ಅವನು ಬರೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ."

ಕೇಬಲ್ಲನ್ನು ವ್ಯಾನಿನವನ ಕೈಗೆ ಕೊಟ್ಟು ಕಳಿಸಬೇಡ. ಅವನು ಮಡಚಿ ಮೂಟೆಗಳ ಕೆಳಗೆ ತುರುಕುತ್ತಾನೆ, ಒಳಗಿನ ತಂತಿ ಮುರಿಯುತ್ತದೆ. ನೀನೇ ತೆಗೆದುಕೊಂಡು ಬಾ.

ಅಪ್ಪ ಇನ್ನೂ ಮರದ ತನಕ ನಡೆಯುತ್ತಾರೆ.

ನಿನ್ನ ತಂಗಿ,
ಬುರುಲ್