ಸೇತುವೆಯ ಹೊಟ್ಟೆಯೊಳಗಿನ ದಾರಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಮೊಂಡಿ,

ಹೇಗಿದ್ದೀಯ ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ. ನಿನ್ನ ಎರಡು ಕಾಗದಗಳೂ ತಲುಪಿದವು. ದೋಣಿ ಇರಲಿಲ್ಲ, ಅದಕ್ಕೇ ತಡವಾಯಿತು ಎನ್ನಬಹುದಿತ್ತು. ದೋಣಿ ಇತ್ತು, ಬರೆಯಲು ನನಗೇ ಕೈ ಬರಲಿಲ್ಲ. ಔಷಧಿ ದೋಣಿಗೆ ಮಾತ್ರ ಎರಡೂ ಕಡೆಯವರು ದಾರಿ ಬಿಡುತ್ತಾರೆ, ಜನ ಹತ್ತುವಂತಿಲ್ಲ. ಅದನ್ನು ನಡೆಸುವ ಅಜ್ಜ ಇದನ್ನು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಓದಿ ಒಲೆಗೆ ಹಾಕು.

ನಿನ್ನ ಅಮ್ಮನ ಸೊಂಟ ಹೇಗಿದೆ? ಅವರನ್ನು ನೋಡಿಕೊಂಡು ನಾಲ್ಕು ದಿನದಲ್ಲಿ ಬರುತ್ತೇನೆಂದು ಆ ದಡಕ್ಕೆ ಹೋದವಳು ನೀನು. ಅಷ್ಟರಲ್ಲಿ ಯುದ್ಧ ಬಂತು, ನದಿಯೇ ಗಡಿಯಾಯಿತು. ಆಫೀಸಿನಲ್ಲಿ ನಿನ್ನ ಮೇಜಿನ ಮೇಲೆ ಈಗ ಮರಳು ಚೀಲಗಳು. ನಿನ್ನ ಹೆಲ್ಮೆಟ್ ಮಾತ್ರ ಮೊಳೆಯಲ್ಲೇ ನೇತಾಡುತ್ತಿದೆ. ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ನಮ್ಮ ಸೇತುವೆಯನ್ನು ಶನಿವಾರ ಬೆಳಕು ಹರಿಯುವ ಮುಂಚೆ ನಮ್ಮ ಸೇನೆಯವರೇ ಉಡಾಯಿಸುತ್ತಾರೆ. ಮದ್ದು ಎಲ್ಲಿಟ್ಟರೆ ಒಂದೇ ಏಟಿಗೆ ಕುಸಿಯುತ್ತದೆ ಎಂದು ತೋರಿಸಿದವಳು ನಾನು. ಕಟ್ಟಿದವರನ್ನು ಬಿಟ್ಟು ಇನ್ಯಾರನ್ನು ಕೇಳುತ್ತಾರೆ? ಅದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ನಾವಿಬ್ಬರು ಊಟ ಬಿಟ್ಟು ಜಗಳವಾಡುತ್ತಿದ್ದೆವು. ಸೀಮೆಸುಣ್ಣದಿಂದ ಕಂಬಕ್ಕೆ ಗುರುತು ಹಾಕುವಾಗ ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಆಮೇಲೆ ಅದೇ ನನ್ನನ್ನು ಹೆದರಿಸಿತು.

ಪಕ್ಕದಲ್ಲಿದ್ದ ಮೇಜರ್ ಹೇಳಿದ, "ಮೇಡಂ, ಸೆರೆ ಸಿಕ್ಕವನೊಬ್ಬ ಬಾಯಿ ಬಿಟ್ಟಿದ್ದಾನೆ. ಆ ಕಡೆಯವರ ಟ್ಯಾಂಕಿನ ಭಾರ ಈ ಸೇತುವೆ ತಡೆಯುತ್ತೆ ಅಂತ ನಿಮ್ಮ ಗೆಳತಿ ಸಹಿ ಹಾಕಿಕೊಟ್ಟಿದ್ದಾರಂತೆ. ಇನ್ನೂ ಗೆಳತೀನಾ?"

"ಒತ್ತಾಯ ಮಾಡಿರಬಹುದು" ಎಂದೆ.

"ಇರಬಹುದು. ಟ್ಯಾಂಕು ಹತ್ತಿದ ಮೇಲೆ ಅದನ್ನ ಸೇತುವೆ ಕೇಳುತ್ತಾ?"

ಈ ಮಾತು ಕೇಳಿದ ಮೇಲೇ ನಿನಗೆ ಬರೆಯಲಾಗದೆ ಕೂತಿದ್ದು. ಮಂಚದ ಮೇಲೆ ಏಳಲಾರದ ಅಮ್ಮ, ಬಾಗಿಲಲ್ಲಿ ಬಂದೂಕು. ನಿನ್ನ ಜಾಗದಲ್ಲಿ ನಾನಿದ್ದರೆ ಸಹಿ ಹಾಕುತ್ತಿರಲಿಲ್ಲವೇ? ಹಾಕುತ್ತಿದ್ದೆ ಎಂದೇ ತೋರುತ್ತದೆ. ಹಾಗಿದ್ದೂ ನಿನ್ನ ಮೇಲೆ ಸಿಟ್ಟೇಕೆ?

ಸಹಿ ಹಾಕಿದೆಯಾ ಎಂದು ಕೇಳುವುದಿಲ್ಲ. ನೀನು ಬಾ, ಅಷ್ಟೆ. ಸೇತುವೆ ಬಿದ್ದ ಮೇಲೆ ಆ ದಡದ ಮೇಲೆ ನಮ್ಮವರು ಶೆಲ್ ಸುರಿಯುತ್ತಾರೆ. ಮೊದಲ ಸಾಲಿನಲ್ಲಿರುವುದೇ ನಿಮ್ಮ ಬೀದಿ.

ಸೇತುವೆಯ ಹೊಟ್ಟೆಯೊಳಗೆ, ತಪಾಸಣೆಗೆಂದು ನಾವು ಬಗ್ಗಿಕೊಂಡು ಓಡಾಡುತ್ತಿದ್ದ ಟೊಳ್ಳು ನೆನಪಿದೆಯಲ್ಲ? ಎರಡೂ ತುದಿಯ ಬಾಗಿಲು ಇಟ್ಟಿಗೆಯಿಂದ ಮುಚ್ಚಿ ಎಂದು ಆದೇಶ ಬಂದಾಗ ನೀನು ಬರೀ ತಗಡು ಹೊಡೆಸಿ, ಮೇಲೆ ಬಣ್ಣ ಬಳಿಸಿದೆ. "ನಾಳೆ ಬಿರುಕು ಬಿಟ್ಟರೆ ಒಳಗೆ ಹೋಗಿ ನೋಡೋದು ಯಾರು, ನಿಮ್ಮಪ್ಪನಾ?" ಎಂದು ನನ್ನನ್ನೇ ಗದರಿದ್ದೆ. ನಕ್ಷೆಯಲ್ಲಿ ಅದು ಇಂದಿಗೂ ಇಟ್ಟಿಗೆ ಗೋಡೆ. ತಗಡೆಂದು ಗೊತ್ತಿರುವುದು ನಮ್ಮಿಬ್ಬರಿಗೇ. ಈ ತುದಿಯ ಬೋಲ್ಟು ಸಡಿಲಿಸಿಟ್ಟಿದ್ದೇನೆ, ಆ ತುದಿಯದನ್ನು ನೀನೇ ಬಿಚ್ಚಿಕೊಳ್ಳಬೇಕು. ಶುಕ್ರವಾರ ಕತ್ತಲಾದ ಮೇಲೆ ಅಮ್ಮನನ್ನು ಕಂಬಳಿಯ ಮೇಲೆ ಮಲಗಿಸಿ ಎಳೆದುಕೊಂಡು ಬಾ. ಒಮ್ಮೆ ಅಲ್ಲಿ ಸಿಕ್ಕಿಹಾಕಿಕೊಂಡ ನನ್ನನ್ನೇ ಎಳೆದು ತಂದವಳು ನೀನು. ಅಮ್ಮ ನನ್ನ ಅರ್ಧ ಭಾರವೂ ಇಲ್ಲ.

ನೀನು ನಿಜವಾಗಿಯೂ ಅವರ ಕಡೆಯವಳಾಗಿದ್ದರೆ ಆ ಬಾಗಿಲಿಂದ ಬರುವುದು ನೀನಲ್ಲ, ಅವರ ಸೈನಿಕರು. ಇದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದು ನಂಬಿಕೆಯೋ ಮೂರ್ಖತನವೋ, ಯೋಚಿಸಿ ಯೋಚಿಸಿ ಸೋತಿದ್ದೇನೆ.

ಅಮ್ಮನಿಗೆ ನಮಸ್ಕಾರ. ನಿನ್ನ ಬೆನ್ನಿಗೆ ಬಲ ಬರಲಿ. ನೀನು ಬದುಕಿರಬೇಕು, ಮೊಂಡಿಯಾಗಿಯೇ.

ನಿನ್ನ,
ಪುಕ್ಕಲಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನನ್ನ ಮಗನನ್ನು ಸೇನೆಗೆ ಸೇರಿಸಿಕೊಂಡರು. ಶುಕ್ರವಾರ ರಾತ್ರಿ ಸೇತುವೆಯ ಈ ತುದಿಯಲ್ಲಿ, ಆ ಬಾಗಿಲ ಬಳಿಯೇ ಕಾವಲು ಅವನದು, ಒಬ್ಬನದೇ. ನನ್ನನ್ನು ಅಂದು ಸೇತುವೆಯ ಹತ್ತಿರ ಬಿಡುವುದಿಲ್ಲ. ಅವನಿಗೆ ಏನೂ ಹೇಳಿಲ್ಲ. ಹೇಳಿದರೆ ಅವನು ಮೇಜರ್‌ಗೆ ಹೇಳಲೇಬೇಕು. ತಗಡು ಸರಿಸುವ ಮುಂಚೆ, ಅವನು ಚಿಕ್ಕವನಿದ್ದಾಗ ನೀನು ಇಟ್ಟ ಹೆಸರು ಹಿಡಿದು ಮೆಲ್ಲಗೆ ಕರೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಅವನು ನಿನ್ನ ಬಾಯಿಂದಲೇ ಕೇಳಬೇಕು.

ಬೇರೆ ಯಾರಾದರೂ ಬಂದರೆ, ಮೊದಲು ಗುಂಡು ಹಾರಿಸುವುದು ಅವನ ಕೈಲಾಗುವುದಿಲ್ಲ ಕಣೇ. ನಿನಗೂ ಗೊತ್ತು. ನೀನೂ ಅವನನ್ನು ಸಾಕಿದವಳಲ್ಲವಾ?