ಹೆಸರಿಗೆ ಎರಡೇ ಸಲ

ಯಾದಗಿರಿ
೭ ಸೆಪ್ಟೆಂಬರ್ ೨೦೨೫, ಭಾನುವಾರ

ಹಂಪಮ್ಮನಿಗೆ,

ನಮ್ಮ ಮದುವೆಯಾಗಿ ಹದಿನೆಂಟು ತಿಂಗಳಾದವು. ಈ ಹೆಸರನ್ನು ನಿನಗೆಂದು ನಾನು ಬರೆಯುತ್ತಿರುವುದು ಇದೇ ಮೊದಲು. ಕೈಗೆ ಹೊಸದೆನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಏಳು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಬೋನಾಳದ ಮನೆಗೆ ಮಾಡಿದರೆ ನಿಮ್ಮಪ್ಪ ದುರಗಪ್ಪನವರು ಎತ್ತಿ, “ಕೆರಿ ಕಡಿಗಿ ಹೋಗ್ಯಾಳ್ರಿ, ಹಕ್ಕಿ ನೋಡಾಕ” ಎನ್ನುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೂ ಅದೇ ಮಾತು, ಸಂಜೆ ಏಳಕ್ಕೂ ಅದೇ ಮಾತು. ಮಾವನವರಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಅವರನ್ನು ಇನ್ನು ಕಷ್ಟಕ್ಕೆ ಸಿಕ್ಕಿಸಬಾರದೆಂದು ಈ ಕಾಗದ.

ಕಳೆದ ಭಾನುವಾರದ್ದೇ ತಲೆಯಲ್ಲಿ ತಿರುಗುತ್ತಿದೆ. ನಿನ್ನ ವರಮಾನ ತೆರಿಗೆಯ ರಿಟರ್ನ್ ತುಂಬಿಸಲು ವಹಾಬನ ಆನ್‌ಲೈನ್ ಅಂಗಡಿಗೆ ಹೋಗಿದ್ದೆವು. ಕಡೇಚೂರಿನ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು ನೀನು, ಅದರ ಗೇಟಿನ ಹೊರಗೆ ಕಾರ್ಮಿಕ ಸಂಘದ ಕರಪತ್ರ ಹಂಚುವವನು ನಾನು. ತೆರಿಗೆ ಕಟ್ಟುವಷ್ಟು ಸಂಬಳ ನಮ್ಮಿಬ್ಬರಲ್ಲಿ ನಿನಗೊಬ್ಬಳಿಗೇ. ಆದರೂ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ನಾನು ಕೂತಿದ್ದೆ, ನೀನು ಹಿಂದೆ ನಿಂತಿದ್ದೆ. ಇದು ಈಗ ಹೊಳೆಯುತ್ತಿದೆ.

“ಸರ, ಪ್ಯಾನಿನಾಗ ಹಂಪಮ್ಮ, ಆಧಾರದಾಗ ಸಮತಾ. ಕಂಪ್ಯೂಟರಿಗಿ ಇಬ್ಬರು ಹೆಣ್ಮಕ್ಕಳು ಕಾಣಾಕತ್ತಾರ. ನೀವು ಯಾರನ್ನ ಮದಿವಿ ಆಗೀರಿ, ಅಷ್ಟ ಹೇಳಿಬಿಡ್ರಿ” ಎಂದ ವಹಾಬ.

ಬೆಂಚಿನ ಮೇಲಿದ್ದವರು ನಕ್ಕರು. ನೀನೂ ನಕ್ಕೆ. ಎರಡೂ ಹೆಸರು ಒಂದಾಗುವವರೆಗೆ ಪ್ಯಾನ್ ಜೋಡಣೆಯಾಗುವುದಿಲ್ಲ, ತನ್ನ ಕಡೆಯಿಂದ ರಿಟರ್ನ್ ಹೋಗುವುದಿಲ್ಲ, ಹದಿನೈದು ಕೊನೆಯ ತಾರೀಖು ಎಂದು ಅವನು ಹೇಳಿದ. “ಪ್ಯಾನ್ ತಿದ್ದು” ಎಂದೆ ನಾನು, ನಿನ್ನ ಕಡೆ ತಿರುಗದೆಯೇ. ಹಿಂದಿನಿಂದ ನಿನ್ನ ದನಿ ಬಂತು: “ಆಧಾರ ತಿದ್ರಿ, ವಹಾಬಭಾಯಿ. ಹಂಪಮ್ಮ ಅಂತ ಮಾಡ್ರಿ.”

“ಅಕ್ಕಾರ, ಆಧಾರದಾಗ ಹೆಸರು ತಿದ್ದಾಕ ಜಿಂದಗಿಗೆಲ್ಲಾ ಎರಡ ಛಾನ್ಸ್. ಒಂದು ಮುಗದೈತಿ.”

“ಇನ್ನೊಂದು ಐತಲ್ಲ. ಅದು ನಂದು.”

ಆಗಲೇ ಸುಮ್ಮನಿರಬೇಕಿತ್ತು. ನಾನು ಭಾಷಣಕ್ಕೆ ನಿಂತೆ. ದೇವರ ಹೆಸರು, ಅಪ್ಪನ ಹೆಸರು, ಹೆಣ್ಣಿನ ಮೇಲೆ ಹೇರಿದ ಹೆಸರು ಎಂದು ಹತ್ತು ರೂಪಾಯಿಯ ಪುಸ್ತಿಕೆಗಳಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ. ನೀನು ಮುಗಿಯುವವರೆಗೂ ಕೇಳಿ, “ನಿನ್ನ ಹೆಸರು ತಿರುಪತಿ. ಅದನ್ಯಾಕ ಬದಲಿ ಮಾಡಲಿಲ್ಲ?” ಎಂದೆ. ಅದು ಕಾರ್ಮಿಕರಿಗೆಲ್ಲ ಗೊತ್ತಿರುವ ಹೆಸರು ಎಂದೆ ನಾನು. “ನಂದು ಯಾರಿಗಿ ಗೊತ್ತಿದ್ದಿಲ್ಲ? ನಮ್ಮ ಆಯಿ ಹೆಸರದು. ಹತ್ತನೇತ್ತಿಯಿಂದ ಎಮ್ಮೆಸ್ಸಿತನ ಅದ ಹೆಸರೀಲೆ ಪಾಸಾಗೀನಿ.” ನನ್ನನ್ನು ಏಕವಚನದಲ್ಲಿ ಕರೆಯಬೇಕೆಂದು ಹಟ ಹಿಡಿದವನು ನಾನೇ. ಅಂಗಡಿಯವರೆಲ್ಲ ತಿರುಗಿ ನೋಡಿದಾಗ ಮೈ ಉರಿಯಿತು.

ಅಷ್ಟರಲ್ಲಿ ವಹಾಬ ಆಧಾರದ ಓಟಿಪಿ ಕೇಳಿದ. ನೀನು ನಿನ್ನ ಫೋನ್ ತೆಗೆದು ಹಿಡಿದೆ. ಸದ್ದು ಮಾಡಿದ್ದು ನನ್ನ ಜೇಬು.

ನೀನು ಚೀಲ ಹೆಗಲಿಗೇರಿಸಿ, ತವರಿಗೆಂದು ಸುರಪುರದ ಬಸ್ಸು ಹತ್ತಿದೆ.

ಅದನ್ನು ಬೇಕೆಂದು ಮಾಡಿದ್ದಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮದುವೆಯಾದ ತಿಂಗಳು ಆಧಾರದ ಅರ್ಜಿ ಹಿಡಿದು ಓಡಾಡಿದವನು ನಾನು. ಮೊಬೈಲ್ ನಂಬರ್ ಯಾವುದು ಎಂದರು, ಬಾಯಿಗೆ ಬಂದದ್ದು ನನ್ನದು. ನಿನ್ನನ್ನು ಕೇಳಬೇಕೆಂಬುದು ಹೊಳೆಯಲೇ ಇಲ್ಲ. ಬೇಕೆಂದು ಮಾಡಿದ್ದರೆ ತಪ್ಪು ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲವೇನೋ.

ಇನ್ನು ಹೆಸರಿನ ಮಾತು. ಸೊಸೆ ಮನೆಗೆ ಬಂದಾಗ ಗಂಡನ ಮನೆಯ ಹೆಸರಿಡುವುದು ನಮ್ಮ ಕಡೆಯ ಪದ್ಧತಿ. ಅವ್ವ ನಿನಗೆ ಗುರುದೇವಿ ಎಂದು ಇಡಬೇಕೆಂದಿದ್ದಳು. ನಾನು ಅವ್ವನ ಜೊತೆ ಮೂರು ದಿನ ಜಗಳವಾಡಿದೆ. ಹೆಣ್ಣೇನು ಅಂಗಡಿಯೇ, ಮಾಲೀಕ ಬದಲಾದರೆ ಬೋರ್ಡು ಬದಲಿಸಲು ಎಂದು ಕೇಳಿದೆ. ನಾಲ್ಕನೆಯ ದಿನ, ಸುರಪುರದ ಸರಳ ಮದುವೆಯ ವೇದಿಕೆಯಲ್ಲಿ, ಮೈಕ್ ಹಿಡಿದು, ಇಂದಿನಿಂದ ಇವಳು ಸಮತಾ ಎಂದು ಸಾರಿದೆ. ಗೆಳೆಯರು ಚಪ್ಪಾಳೆ ಹೊಡೆದರು. ನೀನು ತಲೆ ತಗ್ಗಿಸಿದ್ದೆ. ನಾಚಿಕೊಂಡೆ ಎಂದು ತಿಳಿದೆ ನಾನು.

ನೀನು ಹೋದ ಮೂರನೆಯ ದಿನ ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಕೇಳದೆಯೇ ಅಂದಳು: “ನಾ ಇಟ್ಟಿದ್ದರ ಅದು ಮನ್ಯಾಗಷ್ಟ ಇರತಿತ್ತು. ಹೊರಗ ಆಕಿ ಹಂಪಮ್ಮನ ಇರತಿದ್ದಳು. ನಾ ಮಲ್ಲಾಬಾಯಿ ಆಗಿ ನಲವತ್ತು ವರ್ಷ ಆತು, ನಮ್ಮ ತವರಮನ್ಯಾಗ ಇನ್ನೂ ನನಗ ಮಲ್ಲೇಶ್ವರಿ ಅಂತಾರ. ನೀ ಶಾಣ್ಯಾ, ಸರಕಾರದಾಗ ಬರಸಿ ಬಂದಿ.”

ಅವ್ವನ ಪದ್ಧತಿಯಲ್ಲಿ ನಿನಗೆ ಹಿಂದಿರುಗಲು ಒಂದು ಬಾಗಿಲಿತ್ತು. ನನ್ನ ವಿಚಾರವಾದದಲ್ಲಿ ಅದೂ ಇರಲಿಲ್ಲ.

ವಿಚಾರವನ್ನು ನಾನು ಬಿಡುವುದಿಲ್ಲ. ಹಂಪಮ್ಮ ಎಂಬುದೂ ಯಾರೋ ಇಟ್ಟ ಹೆಸರೇ ಎಂದು ಈಗಲೂ ವಾದಿಸಬಲ್ಲೆ. ಆದರೆ ಆ ವಾದ ಹೂಡಬೇಕಾದವಳು ನೀನು. ಗೇಟಿನಲ್ಲಿ ನಾವು ಮಾಲೀಕರಿಗೆ ಕೇಳುವುದು ಒಂದೇ ಅಲ್ಲವೇ, ನಮ್ಮ ವಿಷಯವನ್ನು ನಮ್ಮನ್ನು ಕೇಳಿ ತೀರ್ಮಾನಿಸಿ ಎಂದು. ಅಷ್ಟನ್ನು ನಾನು ಮನೆಯಲ್ಲಿ ಮಾಡಲಿಲ್ಲ.

ಈಗ ನನ್ನ ಬೇಡಿಕೆ. ಹತ್ತನೆಯ ತಾರೀಖು ಬುಧವಾರ ಶಹಾಪುರದ ಆಧಾರ ಕೇಂದ್ರಕ್ಕೆ ಬಾ. ನಿನ್ನ ಊರಿಗೂ ಯಾದಗಿರಿಗೂ ಅದು ನಡುವೆ. ಮೊದಲು ನನ್ನ ನಂಬರ್ ತೆಗೆಸಿ ನಿನ್ನದನ್ನು ಹಾಕಿಸು. ಅದಕ್ಕೆ ನಿನ್ನ ಹೆಬ್ಬೆಟ್ಟು ಸಾಕು, ನಾನು ಬೇಕಾಗಿಲ್ಲ. ಬರಬೇಡ ಎಂದರೆ ಬರುವುದಿಲ್ಲ. ಹೆಸರಿನ ವಿಷಯ ಆಮೇಲೆ ಮಾತಾಡೋಣ. ಅಲ್ಲಿಂದ ಯಾದಗಿರಿ ಬಸ್ಸು ಹತ್ತಬೇಕೋ ಸುರಪುರದ್ದೋ, ನೀನೇ ನಿರ್ಧರಿಸು.

ನಿನ್ನ ರಜೆ ಶುಕ್ರವಾರಕ್ಕೆ ಮುಗಿಯುತ್ತದೆ ಎಂದು ಲ್ಯಾಬಿನ ಫರ್ಹೀನ್ ಹೇಳಿದರು. ನಿನ್ನ ಬಿಳಿ ಕೋಟನ್ನು ಒಗೆದಿಟ್ಟಿದ್ದೇನೆ.

ಇಂತಿ,
ತಿರುಪತಿ

ವಿ.ಸೂ.: ಹೆಸರಿನ ವಿಷಯ ಆಮೇಲೆ ಎಂದು ಬರೆದು ತಪ್ಪಿಸಿಕೊಂಡೆ. ಕಾಗದ ಮಡಿಚಿದವನು ಮತ್ತೆ ಬಿಚ್ಚಿದ್ದೇನೆ. ನೀನು ಬಸ್ಸು ಹತ್ತಿದ ಸಂಜೆ, ಅದೇ ಸಿಟ್ಟಿನಲ್ಲಿ, ನಿನ್ನ ಪ್ಯಾನಿಗೂ ಸಮತಾ ಎಂದು ಹಾಕಿಸಲು ಕೂತೆ. ಆಧಾರದ ಇಂಗ್ಲಿಷ್ ಹೆಸರಿನಲ್ಲಿ ಒಂದು ‘ಎ’ ಬಿಟ್ಟುಹೋಗಿದ್ದು ಕಂಡಿತು. ಮೊದಲು ಅದು ಸರಿಯಾಗಲಿ ಎಂದು, ನನ್ನ ಫೋನಿಗೆ ಬಂದ ಓಟಿಪಿ ಹಾಕಿ, ತಿದ್ದಿ ಕಳಿಸಿದೆ. ಒಪ್ಪಿಗೆಯಾಗಿದೆ ಎಂದು ಗುರುವಾರ ಸಂದೇಶ ಬಂತು. ಒಂದಕ್ಷರ ತಿದ್ದಿದರೂ ಅದು ಇಡೀ ಒಂದು ಸಲಕ್ಕೆ ಲೆಕ್ಕ ಎಂದು ನನಗೆ ಗೊತ್ತಿರಲಿಲ್ಲ. ನಿನ್ನೆ ವಹಾಬ ಹೇಳಿದ: “ಸರ, ಅಕ್ಕಾರ ಛಾನ್ಸ್ ನೀವು ತಿಂದ್ರಿ.” ಇನ್ನು ಹಂಪಮ್ಮ ಆಗಬೇಕೆಂದರೆ ಗೆಜೆಟ್ಟಿನಲ್ಲಿ ಹಾಕಿಸಿ ಬೆಂಗಳೂರಿನ ಕಚೇರಿಗೆ ಅರ್ಜಿ ಕೊಡಬೇಕಂತೆ, ತಿಂಗಳುಗಟ್ಟಲೆ ಹಿಡಿಯಬಹುದಂತೆ. ಹದಿನೈದರೊಳಗೆ ಎರಡೂ ಹೆಸರು ಒಂದಾಗಲು ಈಗ ಒಂದೇ ದಾರಿ ಉಳಿದಿದೆ, ಪ್ಯಾನಿನಲ್ಲೂ ನೀನು ಸಮತಾ ಆಗುವುದು. ಆ ಅರ್ಜಿಯನ್ನು ನಾನು ಅರ್ಧಕ್ಕೇ ಬಿಟ್ಟಿದ್ದೇನೆ, ಮುಟ್ಟುವುದಿಲ್ಲ. ಆದರೆ ನೀನು ಬಂದು ನಂಬರ್ ಬದಲಿಸುವವರೆಗೆ, ಅದರ ಓಟಿಪಿಯೂ ನನಗೇ ಬರುತ್ತದೆ.