ಇಲಿರಾಯನ ಮದುವೆ ನಿಂತ ಬಗೆ

ಪ್ರೀತಿಯ ದತ್ತಣ್ಣಾ,

ಮಹಾಜನಗಳೇ, ಮಾತೆಯರೇ, ಕಂಕುಳಲ್ಲಿ ಕೂಸು, ಕೈಯಲ್ಲಿ ಕೊಡೆ ಹಿಡಿದು ಬಂದಿರುವ ಹಿರಿಯರೇ! ಇಲಿರಾಯನ ಮದುವೆಯನ್ನು ನಿಲ್ಲಿಸಿದವರು ಯಾರು ಎಂಬುದನ್ನು ಪತ್ತೆ ಹಚ್ಚಲು ನೇಮಕವಾದ ವಿಚಾರಣಾ ಸಮಿತಿ ಇದೀಗ ಸಭೆ ಸೇರಿದೆ. ಅಧ್ಯಕ್ಷ ನಾನೇ, ಕಾರ್ಯದರ್ಶಿ ನಾನೇ, ಚಹಾ ತರುವವನೂ ನಾನೇ. ನಗಬೇಡ ದತ್ತಣ್ಣ. ನೀನು ತೀರಿಕೊಂಡು ಎರಡು ವರ್ಷವಾಯಿತು. ಸವದತ್ತಿಯ ಕಚೇರಿಯಲ್ಲಿ ಸವೆದ ಗುಮಾಸ್ತನಿಗೆ ಸತ್ತವರಿಗೆ ಪತ್ರ ಬರೆಯಲು ಬರುವುದಿಲ್ಲ, ವರದಿ ಬರೆಯಲು ಮಾತ್ರ ಬರುತ್ತದೆ.

ಯರಗಟ್ಟಿಯ ನಿನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಆ ಪೆಟ್ಟಿಗೆಯನ್ನು ನಾನು ಮೊದಲ ಸಲ ನೋಡಿದ ದಿನ ನೆನಪಿದೆಯೇ? ಚಹಾಪುಡಿ ತುಂಬಿ ಬಂದ ಕಟ್ಟಿಗೆಯ ಪೆಟ್ಟಿಗೆ, ಮುಂದೆ ಹಳೆಯ ಕ್ಯಾಮೆರಾದ ಲೆನ್ಸು. ನಿನ್ನ ಹೆಂಡತಿ, ನಮ್ಮ ವೈನಿ, ಗಾಜಿನ ತುಂಡುಗಳ ಮೇಲೆ ಇಲಿ, ಗಿಳಿ, ಎತ್ತು ಬರೆದಿದ್ದರು. ಎರಡು ಗಾಜು ಒಂದರ ಮೇಲೊಂದು ಸರಿಸಿದರೆ ಇಲಿಯ ಮೀಸೆ ಕುಣಿಯುತ್ತಿತ್ತು. ಹಳ್ಳಿಯಲ್ಲಿ ಕರೆಂಟು ಎಲ್ಲಿದೆ ಎಂದು ಕೇಳಿದೆ. “ಸೂರ್ಯಗ ಯಾವ ತಂತಿ ಎಳೀಬೇಕಲೇ ವಾಸೂ?” ಎಂದೆ ನೀನು. ನಿಮ್ಮ ತಂದೆ ದಿನವೂ ಸೂರ್ಯನಿಗೆ ಅರ್ಘ್ಯ ಕೊಟ್ಟರು. ನೀನು ಅವನನ್ನು ಕೆಲಸಕ್ಕೆ ಹಚ್ಚಿದೆ. ಕಿಟಕಿಗೆ ಕಂಬಳಿ, ಕಂಬಳಿಯಲ್ಲೊಂದು ತೂತು, ಹೊರಗೆ ಬಿಸಿಲಲ್ಲೊಂದು ಕನ್ನಡಿ. ಬಿಸಿಲು ತೂತಿನಿಂದ ಪೆಟ್ಟಿಗೆಗೆ ಹೊಕ್ಕು, ಎದುರಿಗೆ ಕಟ್ಟಿದ ಧೋತರದ ಮೇಲೆ ಇಲಿಯಾಗಿ ಕೂಡುತ್ತಿತ್ತು. ಹಾಡು ನನ್ನದು, ಧಾಟಿ ವೈನಿಯದು. ಹಾಡಿಗಾಗಿ ರೇಡಿಯೋದವರನ್ನು ಕೇಳಲಿಲ್ಲ, ಸಿನೆಮಾದವರನ್ನು ಕೇಳಲಿಲ್ಲ.

“ಇಲಿರಾಯನ ಮದಿವಿ ಗೊತ್ತಾತು ಯರಗಟ್ಟಿ ಸಂತ್ಯಾಗ,
ಮೀಸಿ ತೀಡಿ ಕುಂತಾನ ನೋಡ್ರಿ ಬೆಲ್ಲದ ಪೆಂಟ್ಯಾಗ!”

ಸಂಗೊಳ್ಳಿಯಲ್ಲಿ ನಮ್ಮ ಮೊದಲ ಆಟದ ಭಾನುವಾರ ಬಾಗಿಲಲ್ಲಿ ನಿಂತು ನೀನು ಮಾಡಿದ ಕಾಯಿದೆ ಈಗಲೂ ಕಿವಿಯಲ್ಲಿದೆ: “ಕೂಸು ಒಂದ ಬರಂಗಿಲ್ಲ, ದೊಡ್ಡವರು ಕೂಸಿಲ್ಲದ ಬರಂಗಿಲ್ಲ. ಎಲ್ಲಾರೂ ಕೂಡೇ ಹಾಡ್ಬೇಕು!” ಕೂಡಿಸುವ ಅನುಕೂಲಕ್ಕೆಂದು ಪ್ರತಿಯೊಬ್ಬರನ್ನೂ “ಮಕ್ಕಳೆಷ್ಟು?” ಎಂದು ಕೇಳಿ ಬಾಗಿಲಿಗೆ ಸೀಮೆಸುಣ್ಣದಿಂದ ಗೀಟು ಎಳೆದೆ. ಒಳಗೆ ಅಜ್ಜಿಯರು ನಕ್ಕರು, ಅಪ್ಪಂದಿರು ಮಕ್ಕಳಿಗಿಂತ ಜೋರಾಗಿ ಹಾಡಿದರಂತೆ. ಅಂತೆ, ಏಕೆಂದರೆ ನಾನು ನೋಡಲಿಲ್ಲ. ಸೂರ್ಯ ಸರಿದಂತೆ ಕನ್ನಡಿ ಸರಿಸುವವನೊಬ್ಬ ಹೊರಗೆ ಬೇಕಲ್ಲ? ನನ್ನ ಹಾಡನ್ನು ನಾನು ಗೋಡೆಯ ಈಚೆಯಿಂದಲೇ ಕೇಳಿದೆ. ಹೊರಬಂದವರೆಲ್ಲ, “ದತ್ತಣ್ಣನ ಹಾಡು ಭಾಳ ಛಲೋ ಅದಾವ್ರಿ” ಎಂದರು. ನಾನು ಕನ್ನಡಿ ಒರೆಸಿದೆ.

ಹೂಲಿಯಲ್ಲಿ ಶಾಲೆಯ ಮಾಸ್ತರು ತಮ್ಮ ಮನೆಯ ಪಡಸಾಲೆಯನ್ನೇ ಬಿಟ್ಟುಕೊಟ್ಟ ದಿನ ಎಂಥ ಜಾತ್ರೆ! ಹೊರಗೆ ಇದ್ದದ್ದು ನಾನು, ಕನ್ನಡಿ, ಎಮ್ಮೆಗೆ ನೀರು ಕುಡಿಸಲು ಬಂದ ಒಬ್ಬ ಮುದುಕ. “ಬರೂ ಐತವಾರ ಮತ್ತ ಬರ್ರಿ” ಎಂದು ಊರೇ ಹೇಳಿ ಕಳಿಸಿತು. ಮತ್ತೆ ಹೋದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಗಂಡಸರೆಲ್ಲ ಹೊಲಕ್ಕೆ ಓಡಿದ್ದರು. ಒಂದು ಮನೆಯ ಬಾಗಿಲು ತಟ್ಟಿದೆ, ನೆನಪಿದೆಯಾ?

“ಮನ್ಯಾಗ ಗಂಡಸರಿಲ್ರಿ. ಹುಡುಗ್ರೂ ಇಲ್ರಿ.”

“ಮತ್ತ ಒಳಗ ಅಳಾಕತ್ತಿದ್ದು ಯಾರವ್ವಾ?”

“ಬೆಕ್ಕರಿ.”

ಬೆಕ್ಕು “ಯವ್ವಾ” ಎಂದು ಅತ್ತಿತು.

ಸಂತಾನಹರಣದ ಆಪರೇಶನ್ ಕ್ಯಾಂಪಿನ ಜೀಪು ಗಂಡಸರನ್ನು ಹುಡುಕಿ ಊರೂರು ತಿರುಗುತ್ತಿದ್ದ ಕಾಲ ಅದು. ಊರಲ್ಲಿ ಹಬ್ಬಿದ ಮಾತು: ನಾವು ಆ ಜೀಪಿಗೆ ದಾರಿ ಮಾಡಿಕೊಡುವವರಂತೆ. ಹಾಡು ಬರೀ ಆಸೆ ತೋರಿಸಲಿಕ್ಕಂತೆ. ಇಲ್ಲವಾದರೆ ಗಂಡಹೆಂಡಿರನ್ನು ಮಕ್ಕಳ ಸಮೇತ ಕರೆಯುವುದೇಕೆ? ಮಕ್ಕಳೆಷ್ಟೆಂದು ಗೀಟು ಎಳೆಯುವುದೇಕೆ? ಹಾಡುಹಗಲು ಕಿಟಕಿಗೆ ಕಂಬಳಿ ಹಾಕುವುದೇಕೆ? “ಕಚೇರಿಯವರ ಬಾಯಿಂದನ ಬಂದ ಮಾತೈತಿ” ಎಂದನೊಬ್ಬ. ಮಾತು ಬಸ್ಸು ಹತ್ತಿ ನಮಗಿಂತ ಮೊದಲು ಸಂಗೊಳ್ಳಿಗೆ ಮುಟ್ಟಿತು. ಅಲ್ಲಿಗೆ ಮುಗಿಯಿತು. ಪೆಟ್ಟಿಗೆ ನಿನ್ನ ಅಂಗಡಿಯ ಬೆಂಚಿನ ಕೆಳಗೆ ಸೇರಿತು.

ಆಮೇಲೆ ನಾವಿಬ್ಬರೂ ಚಹಾ ಕುಡಿಯುತ್ತ ಎಷ್ಟು ಮಂದಿಯ ಮೇಲೆ ಸಂಶಯಪಟ್ಟೆವು, ಅಲ್ಲವೇ? ಟೆಂಟ್ ಸಿನೆಮಾದ ಮಾಲಕನ ಮೇಲೆ: ತನ್ನ ಮಂದಿಯನ್ನು ನಾವು ಎಳೆದುಕೊಂಡೆವೆಂದು. ನಿನ್ನ ಮೇಲೂ ನನಗೊಂದು ದಿನ ಸಂಶಯ ಬಂದಿತ್ತು, ಈಗ ಹೇಳಲು ಏನು: ಆ ಗೀಟುಗಳನ್ನು ನೀನು ಯಾರಿಗಾದರೂ… ಛೀ. ಕೊನೆಗೆ ಸಮಿತಿ ಮಾಸ್ತರರ ಮೇಲೆ ಬಂದು ನಿಂತಿತು. ಯಾರಿಗೆ ಎಷ್ಟು ಮಕ್ಕಳೆಂದು ಮನೆಮನೆಗೆ ಹೋಗಿ ಸರ್ಕಾರದ ಯಾದಿ ತುಂಬುವವರು ಅವರೇ ತಾನೆ? ಪಡಸಾಲೆ ಕೊಟ್ಟಿದ್ದೇ ತಮ್ಮ ಮೇಲೆ ಯಾರಿಗೂ ಸಂಶಯ ಬಾರದಿರಲೆಂದು, ಹೌದಲ್ಲವೇ? ಗುಮಾಸ್ತನ ತರ್ಕ, ಎಲ್ಲ ಕಡತಕ್ಕೂ ಹೊಂದುತ್ತದೆ.

ನೀನು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಕಣ್ಣೆಲ್ಲ ಹಳದಿಯಾಗಿತ್ತು, ನನ್ನ ಕೈ ಹಿಡಿದು ಕೇಳಿದೆ: “ವಾಸೂ, ಖರೇ ಹೇಳು. ಯಾರ ಅಂದಿರಬೇಕೋ ಹಂಗ? ಸಿಟ್ಟಿಲ್ಲ. ಬರೇ ಗೊತ್ತಾಗ್ಲಿ ಅಂತ.” ನಾನು ಮಾಸ್ತರರ ಹೆಸರು ಹೇಳಿದೆ. ಬಾಗಿಲಲ್ಲಿ ಔಷಧ ಹಿಡಿದು ನಿಂತಿದ್ದ ವೈನಿ ಅದನ್ನು ಕೇಳಿಸಿಕೊಂಡರು. ನಿನ್ನ ಹನ್ನೆರಡನೇ ದಿನಕ್ಕೆ ಮಾಸ್ತರು ಹೂಲಿಯಿಂದ ಬಂದಾಗ ವೈನಿ ಹೊರಗೇ ಬರಲಿಲ್ಲ. ಅವರು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಟೋಪಿ ಸರಿಮಾಡಿಕೊಂಡು, ಹಾಗೇ ಹೋದರು.

ಹೋದ ಭಾನುವಾರ ಯರಗಟ್ಟಿಗೆ ಹೋಗಿದ್ದೆ. ವೈನಿ ಪೆಟ್ಟಿಗೆಯ ಧೂಳು ಕೊಡವಿ, ಗಾಜುಗಳನ್ನು ಸೆರಗಿನಿಂದ ಒರೆಸಿ ಸಾಲಾಗಿ ಇಟ್ಟಿದ್ದರು. ಇಲಿಯ ಮೀಸೆಗೆ ಹೊಸ ಬಣ್ಣ! ಪಕ್ಕದಲ್ಲೊಂದು ಚೀಟಿ.

“ಮಾಸ್ತರ ಬರ್ದಾರ. ಜೀಪಿನ ಅಂಜಿಕಿ ಹೋಗೇದ, ಪೆಟಿಗಿ ತಗೊಂಡು ಬರ್ರಿ, ಪಡಸಾಲಿ ಹಂಗಽ ಅದ ಅಂತ. ಯಾವ ಮಾರಿ ಇಟ್ಕೊಂಡು ಕರೀತಾರ ಅವರು?”

“ಹೋಗೂದಿಲ್ಲೇನ್ರಿ ವೈನಿ?”

“ಹಾಡ್ಬೇಕು ಅಂತ ಜೀವ ಭಾಳ ಅದ, ವಾಸಣ್ಣ. ಆದ್ರ ಅವರ ಹೊಸ್ತಿಲಾ ಹೆಂಗ ದಾಟ್ಲಿ? ಇವರು ಅದನ್ನಽ ಕೊರಗಿ ಕೊರಗಿ ಹೋದ್ರು.” ಗಾಜೊಂದನ್ನು ಬೆಳಕಿಗೆ ಹಿಡಿದರು. “ಬಳಿಗಾರಾಕಿ ಹೇಳ್ತಿದ್ಲು, ಊರ ಮಂದೀನ ಅಂಜಿಸಿದ್ದ ಆ ಮಾತನ್ನ ಹೂಲಿ ಹುಡುಗ್ರು ಇನ್ನೂ ಹಾಡಿ ಕುಣೀತಾವಂತ. ಕೇಳೀರೇನು?

ಒಳಗ ಹೋಗೂ ಮುಂದ ಲಾಲಿ,
ಹೊರಗ ಬರೂ ಮುಂದ ತೊಟ್ಟಿಲ ಖಾಲಿ.”

ವೈನಿ ಗಾಜನ್ನು ಕೆಳಗಿಟ್ಟರು, ನನ್ನ ಕಡೆ ನೋಡಲಿಲ್ಲ. “ಮಾಸ್ತರು ನಾಕ ಸಾಲ ಬರದ್ರ ಒಂದಕ್ಕೂ ಪ್ರಾಸ ಕೂಡೂದಿಲ್ಲ, ಅಲ್ಲೇನ್ರಿ?” ಎಂದು ಚಹಾಕ್ಕಿಡಲು ಒಳಗೆ ಹೋದರು. ಚೀಟಿ ನನ್ನ ಮುಂದೆಯೇ ಇತ್ತು. ಚಹಾ ಬರುವ ಮೊದಲೇ ನಾನು ಬಸ್ಸು ಹತ್ತಿದೆ.

ಸಮಿತಿಯೂ ಇಲ್ಲ, ಗಿಮಿತಿಯೂ ಇಲ್ಲ, ದತ್ತಣ್ಣ. ಆ ಎರಡು ಸಾಲು ನನ್ನವು. ಆ ದಿನ ಹೂಲಿಯಲ್ಲಿ ಒಳಗೆ ನನ್ನ ಹಾಡಿಗೆ ನಿನ್ನ ಹೆಸರು ಹೇಳಿ ಚಪ್ಪಾಳೆ ಬೀಳುತ್ತಿತ್ತು. ಎಮ್ಮೆಯ ಮುದುಕ, “ಒಳಗ ಏನ ನಡಸ್ಯಾರ್ರೀ ರಾಯರ?” ಎಂದು ಕೇಳಿದ. ಪ್ರಾಸ ತಾನಾಗಿ ಬಂತು, ಚೇಷ್ಟೆಗೆ ಅಂದೆ. ಅವನು ನಗಲಿಲ್ಲ. ಕಚೇರಿಯವನು ಹೇಳಿದ್ದಕ್ಕೆ ಯಾರು ನಗುತ್ತಾರೆ? ಎಮ್ಮೆ ಇನ್ನೂ ನೀರು ಕುಡಿಯುತ್ತಿತ್ತು, ಹಗ್ಗ ಜಗ್ಗಿಕೊಂಡು ಹೋದ. ನಾನು ಕನ್ನಡಿ ಸರಿಸಿದೆ.

ನಾಳೆ ವೈನಿಗೆ ಹೇಳುತ್ತೇನೆ. ಅಲ್ಲಿಂದ ಹೂಲಿಗೆ ಹೋಗಿ ಮಾಸ್ತರರಿಗೂ. ನೀನು ಕೈ ಹಿಡಿದು ಕೇಳಿದ್ದೆ. ನಿನಗೆ ಹೇಳಲಿಲ್ಲ.